ಸೀಟಿಗೆ ಎಂಟು ದಿನ ಕೇಳಿದ ಚಾಚಾ

ಅವರ ಮುಂದಿನ ಹಲ್ಲೊಂದರಲ್ಲಿ ಸಣ್ಣ ಕಚ್ಚು ಇತ್ತು. ದಾರ ಕಡಿದು ಕಡಿದು ದರ್ಜಿಗಳ ಹಲ್ಲಿನಲ್ಲಿ ಬೀಳುತ್ತದಲ್ಲ, ಅಂಥದೇ, ಆದರೆ ಇನ್ನೂ ಆಳವಾದದ್ದು. ವೈರಿನ ಮೇಲಿನ ಸಿಪ್ಪೆಯನ್ನು ನಲವತ್ತು ವರ್ಷ ಇಕ್ಕಳ ಮುಟ್ಟದೆ ಹಲ್ಲಿನಿಂದಲೇ ಸುಲಿದದ್ದರ ಗುರುತು ಅದು. ವೈರನ್ನು ಆ ಕಚ್ಚಿಗೆ ಇಟ್ಟು, ತಲೆಯನ್ನು ಚೂರು ಎಡಕ್ಕೆ ತಿರುಗಿಸಿ ಎಳೆದರೆ ಸಿಪ್ಪೆ ಬಾಯಲ್ಲಿ, ತಾಮ್ರ ಕೈಯಲ್ಲಿ. ಒಂದು ಎಳೆಯೂ ತುಂಡಾಗುತ್ತಿರಲಿಲ್ಲ. ಸಿಪ್ಪೆಯನ್ನು ತುಪುಕ್ಕನೆ ಉಗುಳಿ, "ಪಕ್ಕಡಕ್ಕ ವೈರ್ ಎಷ್ಟ ದಪ್ಪ ಐತಿ ಅಂತ ಗೊತ್ತಾಗೂದಿಲ್ರಿ, ಹಲ್ಲಿಗೆ ಗೊತ್ತಾಗತೈತಿ" ಅನ್ನುತ್ತಿದ್ದರು.

ಕೊಪ್ಪಳದ ಮಗ್ಗುಲಿನ ಭಾಗ್ಯನಗರದಲ್ಲಿ ಅವರದೊಂದು ತಗಡಿನ ಶೆಡ್ಡು. ಟ್ರ್ಯಾಕ್ಟರಿನ ದೀಪ, ಟಂಟಂ ಆಟೋದ ಹಾರ್ನು, ಹಳೇ ಲಾರಿಗಳ ಒಳಗಿನ ವೈರು, ಇವೇ ಅವರ ಕೆಲಸ. ಊರೆಲ್ಲ ವೈರಿಂಗ್ ಚಾಚಾ ಅನ್ನುತ್ತಿತ್ತು. ನನಗೆ ಅವರ ಹೆಸರು ಗೊತ್ತಿಲ್ಲ ಅಂತಲ್ಲ, ಆ ಹೆಸರು ಹಿಡಿದು ಅವರನ್ನು ಕರೆದವರನ್ನು ನಾನು ಕಂಡಿಲ್ಲ. ಹಾಗಾಗಿ ಇಲ್ಲಿಯೂ ಅವರು ಚಾಚಾನೇ.

ಚಾಚಾ ಸಿಗುವ ಮೊದಲು ನನ್ನ ಕತೆ ಸ್ವಲ್ಪ ಹೇಳಬೇಕು. ನಾನು ಬೀಜದ ಕಂಪನಿಯೊಂದರ ಮಾರಾಟದವನು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಇಷ್ಟೂ ಕಡೆ ಅಂಗಡಿ ಅಂಗಡಿ, ಹೊಲ ಹೊಲ ತಿರುಗುವುದು ನನ್ನ ಕೆಲಸ. ಕೆಲಸ ಅಂದರೆ ಸುಳ್ಳು, ಅದು ನನ್ನ ಜಾಯಮಾನ. ಕೂತಲ್ಲಿ ಕೂರುವುದು ನನಗೆ ಹುಟ್ಟಿನಿಂದಲೇ ಬಂದಿಲ್ಲ. ಊಟಕ್ಕೆ ಕೂತರೂ ಒಂದು ಕಾಲು ಬಾಗಿಲ ಕಡೆಗೇ. ನನ್ನ ಹೆಂಡತಿ ಈಗಲೂ ಬಂದವರ ಮುಂದೆ ಹೇಳುತ್ತಾಳೆ: "ಮದುವಿ ಅಕ್ಕಿಕಾಳಿನ ಹೊತ್ತಿನಾಗ ಇವರನ್ನ ಮಣಿ ಮ್ಯಾಲ ಕುಂದ್ರಸಾಕ ನಾಕ ಮಂದಿ ಬೇಕಾದ್ರು ನೋಡ್ರಿ."

ಇಂಥ ಮನುಷ್ಯನ ಬೆನ್ನು ಕೈಕೊಟ್ಟಿತು. ಬೆನ್ನುಮೂಳೆಯ ಮಣಿಗಳ ನಡುವಿನ ಗಾದಿ ಸರಿದು ನರ ಒತ್ತಿ, ಎಡಗಾಲು ನನ್ನದೇ ಅಲ್ಲ ಅನ್ನುವ ಹಾಗಾಯಿತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಆಮೇಲೆ ಮೂರು ತಿಂಗಳು ಮಲಗಿ ಮಾಳಿಗೆಯ ಜಂತಿ ಎಣಿಸಿದೆ. ಅಯ್ಯೋ, ಆ ಮೂರು ತಿಂಗಳು ಶತ್ರುವಿಗೂ ಬೇಡ. ಕೊನೆಗೆ ಡಾಕ್ಟರು, "ಗಾಡಿ ಓಡಿಸಬಹುದು. ಆದರೆ ಒಂದೇ ಭಂಗಿಯಲ್ಲಿ ಅರ್ಧ ತಾಸಿಗಿಂತ ಹೆಚ್ಚು ಕೂರಬಾರದು. ಸೀಟು ಏರಬೇಕು, ಇಳಿಯಬೇಕು, ವಾಲಬೇಕು" ಅಂದರು. ನನ್ನದು ಇಪ್ಪತ್ತು ವರ್ಷದ ಹಳೇ ಜೀಪು. ಅದರ ಸೀಟು ಏರುವುದು ರಸ್ತೆಯಲ್ಲಿ ತಗ್ಗು ಬಂದಾಗ ಮಾತ್ರ. ಹೊಸ ಗಾಡಿಯ ಮಾತು ಎತ್ತುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅತ್ತ ಕಂಪನಿಯ ಮ್ಯಾನೇಜರ್ ಫೋನ್ ಮಾಡಿ, "ಮುಂಗಾರಿ ಬಿತ್ತನೆ ಶುರು ಆಗೂದರಾಗ ನೀವು ರೋಡಿಗೆ ಇಳೀಬೇಕ್ರಿ. ಇಲ್ಲಾಂದ್ರ ಗೋಡೌನಿನಾಗ ಒಂದ್ ಕುರ್ಚಿ ಖಾಲಿ ಐತಿ, ಅಲ್ಲಿ ಕುಂದರ್ರಿ" ಅಂದರು. ಒಳ್ಳೇ ಮನಸ್ಸಿನಿಂದಲೇ ಅಂದರು, ಅದು ಇನ್ನೂ ಸಂಕಟ. ಆ ಕುರ್ಚಿ ನನಗೆ ಗೊತ್ತಿತ್ತು. ಎದುರಿಗೆ ಗೋಡೆ, ಎಡಕ್ಕೆ ಚೀಲ, ಬಲಕ್ಕೆ ಚೀಲ. ಬೆಳಿಗ್ಗೆ ಒಂಬತ್ತಕ್ಕೆ ಕೂತರೆ ಸಂಜೆ ಆರಕ್ಕೆ ಏಳುವುದು. ಅಲ್ಲಿ ಕೂತರೆ ನಾನು ಒಂದು ವರ್ಷ ಬಾಳುವುದಿಲ್ಲ ಅಂತ ನನಗೆ ಖಾತ್ರಿಯಾಗಿತ್ತು.

ಹುಬ್ಬಳ್ಳಿಯ ಗುಜರಿಯಲ್ಲಿ, ಹಿಂದಿನಿಂದ ಗುದ್ದಿಸಿಕೊಂಡು ಅಪ್ಪಚ್ಚಿಯಾದ ಒಂದು ದೊಡ್ಡ ಕಾರು ನಿಂತಿತ್ತು. ಅದರ ಮುಂದಿನ ಎರಡೂ ಸೀಟು ಗಟ್ಟಿಯಾಗಿದ್ದವು. ಕಂದು ತೊಗಲು, ಪಕ್ಕದಲ್ಲಿ ಗುಂಡಿ, ಗುಂಡಿ ಒತ್ತಿದರೆ ಒಳಗಿನ ಮೋಟರು ಸೀಟನ್ನು ಹಿಂದೆ ಮುಂದೆ, ಮೇಲೆ ಕೆಳಗೆ ಮಾಡುವಂಥದು. ಡ್ರೈವರ್ ಸೀಟನ್ನು ಬಿಚ್ಚಿಸಿಕೊಂಡು ಬಂದೆ. ತಿರುವಿ ನೋಡಿದರೆ ಕೆಳಗೆ ಕುರಿಯ ಕರುಳಿನ ಹಾಗೆ ವೈರಿನ ಗಂಟು. ಕೊಪ್ಪಳದ ಒಬ್ಬ ಮೆಕ್ಯಾನಿಕ್ ಅದನ್ನು ನೋಡಿಯೇ ಕೈ ಮುಗಿದ. ಗಂಗಾವತಿಯಲ್ಲಿ ಇನ್ನೊಬ್ಬ, "ಅರ್ಧ ತಾಸು ಕುಂದರ್ರಿ, ಹಾರ್ನಿನ ವೈರಿಗೆ ಜೋಡ್ಸಿಬಿಡ್ತೀನಿ" ಅಂದ. ನನಗೆ ಅವನೇ ಬಹಳ ಹಿಡಿಸಿದ. ಅಷ್ಟರಲ್ಲಿ ಅಲ್ಲಿ ನಿಂತಿದ್ದ ಟಂಟಂ ಡ್ರೈವರೊಬ್ಬ ನನ್ನನ್ನು ಪಕ್ಕಕ್ಕೆ ಕರೆದು, "ಹಾರ್ನಿನ ವೈರ್ ಶ್ಯಾವಿಗಿ ಎಳಿಯಷ್ಟು ಇರತೈತ್ರಿ, ಸುಟ್ಟುಕೊಂಡು ಸಾಯ್ತೀರಿ. ಭಾಗ್ಯನಗರದ ಚಾಚಾನ ಕಡೆ ಹೋಗ್ರಿ" ಅಂದ.

ಚಾಚಾ ಸೀಟನ್ನು ಗೋಣಿಚೀಲದ ಮೇಲೆ ಬೋರಲು ಹಾಕಿ, ಎದುರಿಗೆ ಕುಕ್ಕರಗಾಲಿನಲ್ಲಿ ಕೂತರು. ಮುಟ್ಟಲಿಲ್ಲ. ಬರೀ ನೋಡಿದರು. ಚಹಾ ಬಂತು, ಬಸಿಗೆ ಸುರಿದುಕೊಂಡು ಕುಡಿದರು, ಮತ್ತೆ ನೋಡಿದರು. ನಾನು ಶೆಡ್ಡಿನ ಒಳಗೆ ಹೊರಗೆ ಹದಿನೈದು ಸಲ ತಿರುಗಿದೆ.

"ಚಾಚಾ, ಇಂಥಾ ಸೀಟ ಮೊದಲ ಮಾಡೀರಿಲ್ಲೋ?"

"ವೈರ್ ಎಲ್ಲಾ ಒಂದ ಜಾತೀರಿ ಸಾಹೇಬ್ರ. ಎಂಟ್ ದಿನ ಬಿಟ್ ಹೋಗ್ರಿ."

ಇದು ಹೌದೋ ಅಲ್ಲವೋ ಅಂತ ಯೋಚಿಸುವ ತಾಳ್ಮೆ ನನಗೆಲ್ಲಿಯದು. ಹೌದು ಅಂತಲೇ ತಿಳಿದೆ. ಎಂಟು ದಿನ ಅನ್ನುವುದಷ್ಟೇ ಕಿವಿಯಲ್ಲಿ ಉಳಿಯಿತು. ಎರಡು ವೈರು ಜೋಡಿಸಲು ಎಂಟು ದಿನವೇ! ಮನೆಗೆ ಬಂದು ಹೆಂಡತಿಯ ಮುಂದೆ ಕೂಗಾಡಿದೆ. "ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರ್ರಿ" ಅಂತ ಅವಳು ರೊಟ್ಟಿ ತಟ್ಟುತ್ತಲೇ ಇದ್ದಳು.

ದಿನಾ ಬೆಳಿಗ್ಗೆ ನಡೆದುಕೊಂಡು ಶೆಡ್ಡಿಗೆ ಹೋಗುತ್ತಿದ್ದೆ. ಡಾಕ್ಟರು ನಡೆಯಲು ಹೇಳಿದ್ದರು, ನನಗೂ ನೆಪ ಬೇಕಿತ್ತು. ಮೊದಲ ದಿನ ಶೆಡ್ಡಿಗೆ ಬೀಗ. ಮರುದಿನ ಹೋಗಿ ನೋಡಿದರೆ ನನ್ನ ಸೀಟು ಮೂಲೆಯಲ್ಲಿ ಗೋಣಿಚೀಲ ಹೊದ್ದು ಮಲಗಿದೆ! ಚಾಚಾ ಯಾರದೋ ಟ್ರ್ಯಾಕ್ಟರಿನ ಹೊಟ್ಟೆಯೊಳಗೆ. ಮೂರನೇ ದಿನವೂ ಹಾಗೇ. ನಾಲ್ಕನೇ ದಿನವೂ ಹಾಗೇ. ನನಗೆ ಮೈಯೆಲ್ಲ ಉರಿದುಹೋಯಿತು.

"ಏನ್ ಚಾಚಾ, ಸೀಟಿಗೆ ಕೈ ಸೈತ ಹಚ್ಚಿಲ್ಲಲ್ಲ ನೀವು!"

"ನೋಡಾಕ ಹತ್ತೀನ್ರಿ" ಅಂದರು ಟ್ರ್ಯಾಕ್ಟರಿನ ಕೆಳಗಿನಿಂದಲೇ.

"ಎಲ್ಲಿ ನೋಡಾಕ ಹತ್ತೀರಿ? ಅದು ಅಲ್ಲಿ ಬಿದ್ದೈತಿ, ನೀವು ಇಲ್ಲಿ ಬಿದ್ದೀರಿ!"

ಅವರು ನಕ್ಕರು. ಸಿಟ್ಟು ಮಾಡಿಕೊಂಡದ್ದನ್ನು ನಾನು ಕಂಡೇ ಇಲ್ಲ. "ಕರೆಂಟಿಗೆ ಮೊದಲ ಅವಸರ ಭಾಳ ಐತ್ರಿ. ನಾವೂ ಅದರ ಸಂಗಾಟ ಅವಸರ ಮಾಡಿದ್ರ ಹ್ಯಾಂಗ?" ಅಂದರು. ಆ ದಿನದಿಂದ ನನಗೆ 'ಅವಸರದ ಸಾಹೇಬ್ರು' ಅಂತ ಹೆಸರಿಟ್ಟರು. ಶೆಡ್ಡಿಗೆ ಬಂದವರೆಲ್ಲ ಹಾಗೇ ಕರೆಯತೊಡಗಿದರು. ನಾನು ಮಾತ್ರ ಸಿಕ್ಕಸಿಕ್ಕವರ ಮುಂದೆ, ಫೋನ್ ಮಾಡಿದ ಅಂಗಡಿಕಾರರ ಮುಂದೆಲ್ಲ, 'ಮುದುಕ ಮೈಗಳ್ಳ, ನನ್ನ ಹೊಟ್ಟೆಯ ಮೇಲೆ ಕಲ್ಲು ಹಾಕಲು ಕೂತಿದ್ದಾನೆ' ಅಂತ ಹೇಳಿಕೊಂಡೆ. ಮುಂಗಾರು ಹತ್ತಿರ ಬರುತ್ತಿತ್ತು. ಮೋಡ ಕಂಡರೆ ರೈತರೆಲ್ಲ ಖುಷಿಪಟ್ಟರೆ ನಾನು ಗೋಡೌನಿನ ಕುರ್ಚಿ ನೆನೆಯುತ್ತಿದ್ದೆ.

ಒಂಬತ್ತನೆಯ ದಿನ ಜೀಪನ್ನು ಶೆಡ್ಡಿಗೆ ತರಿಸಿದರು, ಗೋಣಿಚೀಲ ಸರಿಯಿತು. ಆಮೇಲೆ ಅವರ ಕೈ ನಡೆದ ರೀತಿ ನೋಡಬೇಕಿತ್ತು. ಜೀಪಿನ ಹಳೇ ವೈರು ಯಾವುದನ್ನೂ ಮುಟ್ಟಲಿಲ್ಲ. ಬ್ಯಾಟರಿಯಿಂದ ಸೀಟಿಗೆ ಹೊಸದೇ ಆದ ದಪ್ಪನೆಯ ವೈರು ಎಳೆದರು. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸಿನ ಡಬ್ಬಿ ಕೂಡಿಸಿದರು. ಕಪ್ಪು ವೈರನ್ನು ಗಾಡಿಯ ಮೈಗೆ ಕೂಡಿಸುವ ಕಡೆ ಬಣ್ಣ ಕೆರೆದು ಕೆರೆದು ಬೆಳ್ಳಗೆ ಲೋಹ ಕಾಣಿಸಿದ ಮೇಲೆಯೇ ನಟ್ಟು ಬಿಗಿದರು. ಸೀಟಿನ ಕೆಳಗೆ ಒಂದು ಹಳದಿ ಪ್ಲಗ್ ಇತ್ತು. ಸೀಟಿನ ಪಕ್ಕೆಯಲ್ಲಿ ಅಡಗಿದ ಗಾಳಿಚೀಲದ್ದಂತೆ, ಗುದ್ದಿದಾಗ ಬಾಂಬಿನ ಹಾಗೆ ಉಬ್ಬುವಂಥದು. ಅದಕ್ಕೆ ಟೇಪು ಸುತ್ತಿ, "ಇದು ಮಲಗಿದ ಹಾವು. ಇದನ್ನ ಯಾರೂ ಎಬ್ಬಿಸಬ್ಯಾಡ್ರಿ" ಅಂದರು. ಬಣ್ಣ ನೋಡಿ ವೈರು ನಂಬುತ್ತಿರಲಿಲ್ಲ. ಪ್ರತಿಯೊಂದಕ್ಕೂ ತಮ್ಮ ಪುಟ್ಟ ಬಲ್ಬು ಹಿಡಿದು, ಉರಿದರೆ ಮಾತ್ರ ಹೌದು ಅನ್ನುತ್ತಿದ್ದರು.

ಅವರದೊಂದು ರೂಢಿ ಇತ್ತು. ಕೆಲಸ ಪೂರ್ತಿ ತೃಪ್ತಿ ಆಗುವವರೆಗೆ ಫ್ಯೂಸನ್ನು ಗಾಡಿಯಲ್ಲಿ ಬಿಡುತ್ತಿರಲಿಲ್ಲ, ತಮ್ಮ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೇ ಮನೆಗೆ ಹೋಗುತ್ತಿದ್ದರು. ಎಲ್ಲ ಮುಗಿದ ಮೇಲೆ ಒಂದು ದಿನವೆಲ್ಲ ಚಾಲೂ ಮಾಡಿ, ಆರಿಸಿ, ಪ್ರತಿ ಜಾಯಿಂಟಿಗೂ ಅಂಗೈ ಹಿಂಬದಿ ಮುಟ್ಟಿಸಿ ನೋಡುತ್ತಿದ್ದರು. ಬಿಸಿ ಹತ್ತಿದರೆ ಬಿಚ್ಚಿ ಮತ್ತೆ ಮಾಡುವುದು. ಅಂಗೈ ಸುಳ್ಳು ಹೇಳುತ್ತದಂತೆ, ಹಿಂಬದಿ ಹೇಳುವುದಿಲ್ಲವಂತೆ.

ಎರಡು ದಿನದ ಕೆಲಸ ಆಗಿ ಶುಕ್ರವಾರ ಬಂತು. ಅಂದೇ ಮಧ್ಯಾಹ್ನ ಕಾರಟಗಿಯಲ್ಲಿ ನಮ್ಮ ಬೀಜ ಮಾರುವ ಅಂಗಡಿಕಾರರೆಲ್ಲ ಸೇರುವವರಿದ್ದರು. ಮ್ಯಾನೇಜರೂ ಬರುವವರಿದ್ದರು. ನಾನು ಗಾಡಿ ಓಡಿಸಿಕೊಂಡು ಹೋಗಿ ಅವರ ಮುಂದೆ ಇಳಿದರೆ ಕುರ್ಚಿಯ ಮಾತು ಅಲ್ಲಿಗೆ ಮುಗಿಯಿತು. ಸೀಟು ಕೂತಿತ್ತು, ಬೋಲ್ಟು ಬಿಗಿದಿತ್ತು. ಕೆಳಗಿನ ವೈರುಗಳನ್ನು ಸೀಟು ಸರಿಯುವ ಹಳಿಯಿಂದ ದೂರ ಕಟ್ಟುವುದು ಮಾತ್ರ ಬಾಕಿ. "ನಮಾಜ್ ಮುಗಿಸಿ ಬಂದು ಕಟ್ತೀನ್ರಿ, ಇವತ್ತ ಬ್ಯಾಡ, ನಾಳಿ ಒಯ್ರಿ" ಅಂತ ಹೇಳಿ ಚಾಚಾ ಟೋಪಿ ಹಾಕಿಕೊಂಡು ಮಸೀದಿಗೆ ಹೋದರು. ಫ್ಯೂಸು ಅವರ ಕಿಸೆಯಲ್ಲಿ. ಗಾಡಿಯ ಕೀಲಿ ನನ್ನ ಕಿಸೆಯಲ್ಲಿ.

ಮನೆಯಲ್ಲಿ ಫ್ಯೂಸ್ ಹೋದರೆ ತಾಮ್ರದ ಎಳೆ ಸುತ್ತಿ ಫ್ಯಾನ್ ತಿರುಗಿಸುವ ಜಾತಿ ನಮ್ಮದು. ನಮ್ಮಪ್ಪ ಮಾಡಿದ್ದ, ನಾನೂ ನೂರು ಸಲ ಮಾಡಿದ್ದೆ. ನೆಲದ ಮೇಲೆ ಬಿದ್ದಿದ್ದ ತುಂಡು ವೈರಿನಿಂದ ಎಂಟು ಹತ್ತು ಎಳೆ ಹೊಸೆದು ಫ್ಯೂಸಿನ ಡಬ್ಬಿಗೆ ತುರುಕಿದೆ. ಗುಂಡಿ ಒತ್ತಿದೆ. ಸೀಟು ಗುಂಯ್ ಅಂತ ಏರಿತು, ಇಳಿಯಿತು. ಆಹಾ! ಬೆನ್ನಿಗೆ ಯಾರೋ ಕೈಯಿಟ್ಟು ಹಿಡಿದ ಹಾಗಾಯಿತು. ಗಾಡಿ ತೆಗೆದುಕೊಂಡು ಹೊರಟೇ ಬಿಟ್ಟೆ.

ಗಿಣಿಗೇರಿ ದಾಟುವವರೆಗೆ ನಾನೇ ರಾಜ. ಆಮೇಲೆ ಸ್ವಲ್ಪ ಮುಂದಕ್ಕೆ ಸರಿಯೋಣ ಅಂತ ಗುಂಡಿ ಒತ್ತಿದೆ. ಸೀಟು ಸರಿಯಿತು. ಕೈ ತೆಗೆದೆ. ಸೀಟು ನಿಲ್ಲಲಿಲ್ಲ. ಕಟ್ಟದೇ ಬಿಟ್ಟ ವೈರು ಹಳಿಗೆ ಸಿಕ್ಕಿ ಸಿಪ್ಪೆ ಹರಿದಿತ್ತು, ಒಂದಕ್ಕೊಂದು ತಾಗಿತ್ತು. ಗಾಡಿಯನ್ನು ಹೇಗೋ ಬದಿಗೆ ತಂದು ನಿಲ್ಲಿಸಿ ಕೀಲಿ ತಿರುವಿದೆ. ಆಗಲೂ ನಿಲ್ಲಲಿಲ್ಲ, ವೈರು ನೇರ ಬ್ಯಾಟರಿಯಿಂದ ಬಂದಿತ್ತಲ್ಲ. ಅದು ಅವಸರವಿಲ್ಲದೆ, ಗುಂಯ್ ಅನ್ನುತ್ತ, ನನ್ನನ್ನು ಸ್ಟೇರಿಂಗಿಗೆ ಒತ್ತಿತು. ಎದೆ ಒತ್ತಿತು, ಹೊಟ್ಟೆ ಒತ್ತಿತು, ಮೊಣಕಾಲು ಸಿಕ್ಕಿಕೊಂಡವು. ಕೆಳಗಿನಿಂದ ಹೊಗೆ ಬಂತು, ಏನೋ ಚಟ್ ಅಂತು, ಸದ್ದು ನಿಂತಿತು. ಬೆನ್ನಿನಲ್ಲಿ ಆಪರೇಷನ್ ಆದ ಜಾಗ ಸಿಡಿಯತೊಡಗಿತು. ಮುಗಿಯಿತು ನನ್ನ ಕತೆ ಅಂದುಕೊಂಡೆ.

ಪಕ್ಕದ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ಕೂತಿದ್ದ ಇಬ್ಬರು ಹೆಣ್ಣುಮಕ್ಕಳು ಎದ್ದು ಬಂದರು. "ಯಾಕ್ರೀ ಅಣ್ಣಾರ, ಗಾಡಿ ತಬ್ಬಿಕೊಂಡು ಕುಂತೀರಿ?" ಅಂದಳು ಒಬ್ಬಳು. ಹೊಗೆ ಕಂಡು ನಗು ನಿಲ್ಲಿಸಿ, ಮಣ್ಣು ಗೋರಿ ತಂದು ಸೀಟಿನ ಕೆಳಗೆ ಎರಚಿದಳು. ನನ್ನ ಕಿಸೆಯಿಂದ ಫೋನ್ ತೆಗೆದು ಕಿವಿಗೆ ಹಿಡಿದವಳೂ ಅವಳೇ. ನಾನು ಹೆಂಡತಿಗೆ ಹಚ್ಚಲಿಲ್ಲ, ಡಾಕ್ಟರಿಗೆ ಹಚ್ಚಲಿಲ್ಲ. ಚಾಚಾಗೆ ಹಚ್ಚಿಸಿದೆ.

ಯಾರದೋ ಬೈಕಿನ ಹಿಂದೆ ಕೂತು ಬಂದರು, ತಲೆಯ ಮೇಲೆ ನಮಾಜಿನ ಟೋಪಿ ಇನ್ನೂ ಹಾಗೇ ಇತ್ತು. ಬಂದವರೇ ಕೇಳಿದ್ದು ಒಂದೇ ಮಾತು: "ಬೆನ್ನ ಹ್ಯಾಂಗೈತ್ರಿ?" ಉತ್ತರಕ್ಕೆ ಕಾಯಲಿಲ್ಲ. ಬಾನೆಟ್ ಎತ್ತಿ ಬ್ಯಾಟರಿ ಬಿಡಿಸಿದರು. ಅದನ್ನು ಹೊತ್ತು ತಂದು ಹಿಂದಿನ ಬಾಗಿಲಿನಿಂದ ಒಳಗಿಟ್ಟು, ಹೊಟ್ಟೆಯ ಮೇಲೆ ಮಲಗಿ, ನನ್ನ ಸೀಟಿನ ಕೆಳಗೆ ಕೈ ತೂರಿಸಿದರು. ಅಲ್ಲಿ ಕಣ್ಣಿಗೆ ಏನೂ ಕಾಣುವಂತಿರಲಿಲ್ಲ. ಅಷ್ಟು ವೈರಿನ ಗಂಟಿನಲ್ಲಿ ಬರೀ ಬೆರಳಿನಿಂದ ತಡವಿ ಎರಡೇ ಎರಡನ್ನು ಎಳೆದುಕೊಂಡರು, ಹಲ್ಲಿನಿಂದ ಸುಲಿದರು, ತಿರುವು ಮುರುವು ಮಾಡಿ ಬ್ಯಾಟರಿಗೆ ಮುಟ್ಟಿಸಿದರು. ಸೀಟು ಗುಂಯ್ ಅಂತ ಹಿಂದಕ್ಕೆ ಸರಿಯಿತು. ನನಗೆ ಉಸಿರು ಬಂತು. ಎಲ್ಲ ಸೇರಿ ಮೂರು ನಿಮಿಷ ಹಿಡಿದಿರಲಿಕ್ಕಿಲ್ಲ. ಕುರುಡುಗೈಯಲ್ಲಿ ಆ ಎರಡನ್ನೇ ಹೇಗೆ ಹಿಡಿದರು ಅಂತ ಆಗ ನನಗೆ ಆಶ್ಚರ್ಯವಾಯಿತು. ಅನುಭವ ಅಂದುಕೊಂಡೆ.

ನನ್ನನ್ನು ಇಳಿಸಿ ಬೇವಿನ ಮರದ ಕೆಳಗೆ ಮಲಗಿಸಿದರು. ಫ್ಯೂಸಿನ ಡಬ್ಬಿಯಲ್ಲಿದ್ದ ನನ್ನ ತಾಮ್ರದ ಹೊಸೆತವನ್ನು ಹೊರಗೆಳೆದು ನೋಡಿದರು. ಬೈಯುತ್ತಾರೆ ಅಂತ ಕಾದೆ. ಬೈದಿದ್ದರೆ ಚೆನ್ನಾಗಿತ್ತು, ನಾನೂ ತಿರುಗಿ ಬೈಯುತ್ತಿದ್ದೆ.

"ಫ್ಯೂಸ್ ಕಿಸೇದಾಗ ಇಟ್ಕೊಂಡೆ, ಕೀಲಿ ನಿಮ್ಮ ಕಡೆ ಬಿಟ್ಟೆ. ನಿಮ್ಮ ಸ್ವಭಾವ ನನಗ ಗೊತ್ತಿತ್ತು. ತಪ್ಪ ನಂದ ಸಾಹೇಬ್ರ" ಅಂದರು.

ನಾನು ಹ್ಞೂಂ ಅಂದೆ.

ಕಾರಟಗಿಯ ಸಭೆ ತಪ್ಪಿತು. ಮ್ಯಾನೇಜರ್ ಫೋನಿನಲ್ಲಿ ತಣ್ಣಗೆ, "ಹತ್ ದಿನ ನೋಡ್ತೀನ್ರಿ, ಆಮ್ಯಾಲ ನನ್ನ ಕೈಯಾಗ ಇಲ್ಲ" ಅಂದರು. ಪುಣ್ಯಕ್ಕೆ ಬೆನ್ನಿಗೆ ಏನೂ ಆಗಿರಲಿಲ್ಲ. ಚಾಚಾ ಸುಟ್ಟದ್ದನ್ನೆಲ್ಲ ಕಿತ್ತು ಮೊದಲಿನಿಂದ ಶುರು ಮಾಡಿದರು. ಈ ಸಲ ನನಗೂ ಕೆಲಸ ಹಚ್ಚಿದರು. ಕುಂದರ್ರಿ ಅಂತ ಮುಂದೆ ಕೂರಿಸಿಕೊಂಡು, ಜಾಯಿಂಟಿಗೆ ಟೇಪು ಸುತ್ತಲು ಕೊಡುವರು. ಸಡಿಲ ಸುತ್ತಿದರೆ ಮಾತಾಡದೆ ಬಿಚ್ಚಿ ಮತ್ತೆ ನನ್ನ ಕೈಗೇ ಇಡುವರು. ಮೊದಲ ದಿನ ಒಂದು ಜಾಯಿಂಟಿಗೆ ಆರು ಸಲ ಸುತ್ತಿದೆ. ಹಲ್ಲು ಕಡಿದೆ, ಎದ್ದು ಹೋದೆ, ತಿರುಗಿ ಬಂದೆ. ಎಂಟನೆಯ ದಿನ ನನ್ನ ಕೈಯ ಹಿಂಬದಿಯನ್ನು ತಾವೇ ಹಿಡಿದು ಪ್ರತಿ ಜಾಯಿಂಟಿಗೂ ಮುಟ್ಟಿಸಿದರು. ಎಲ್ಲವೂ ತಂಪು. ಆಮೇಲೆ ಕಿಸೆಯಿಂದ ಫ್ಯೂಸು ತೆಗೆದು, "ಬಿಸ್ಮಿಲ್ಲಾ" ಅಂದು ಡಬ್ಬಿಯಲ್ಲಿ ಕೂಡಿಸಿದರು.

ಹತ್ತು ದಿನ ತುಂಬುವ ಮೊದಲೇ ನಾನು ರಸ್ತೆಯಲ್ಲಿದ್ದೆ. ಕಾರಟಗಿಗೆ ಹೋದೆ, ತಾವರಗೇರಿಗೆ ಹೋದೆ, ಯಲಬುರ್ಗಾದ ಎರೆಹೊಲಗಳ ನಡುವೆ ಕಿಟಕಿ ತೆಗೆದು ಗಂಟಲು ಹರಿಯುವ ಹಾಗೆ ಹಾಡಿದೆ. ಗೋಡೌನಿನ ಕುರ್ಚಿಯಲ್ಲಿ ಬೇರೆ ಯಾರೋ ಕೂತರು. ಏಳು ವರ್ಷ ಆಯಿತು, ಆ ಸೀಟು ಒಮ್ಮೆಯೂ ಕೈಕೊಟ್ಟಿಲ್ಲ. ಭಾಗ್ಯನಗರದ ಮೇಲೆ ಹಾದರೆ ಹಾರ್ನ್ ಬಾರಿಸುತ್ತಿದ್ದೆ. ಚಾಚಾ ತಲೆಯೆತ್ತದೆ, "ಅವಸರದ ಸಾಹೇಬ್ರು ಹೊಂಟ್ರು" ಅಂತ ಶೆಡ್ಡಿನಲ್ಲಿ ಇದ್ದವರಿಗೆ ಹೇಳುತ್ತಿದ್ದರಂತೆ. ಗಾಡಿ ನಿಲ್ಲಿಸಿ ಇಳಿದದ್ದು ಕಡಿಮೆ. ನಾಳೆ ಇಳಿದರಾಯಿತು ಅಂತ ಪ್ರತಿ ಸಲ ಅಂದುಕೊಳ್ಳುತ್ತಿದ್ದೆ.

ಹೋದ ವರ್ಷ ಒಂದು ಬೆಳಿಗ್ಗೆ ಎದೆನೋವು ಅಂದ ಚಾಚಾ ಆಸ್ಪತ್ರೆ ಮುಟ್ಟಲಿಲ್ಲ. ನಾನು ಕುಷ್ಟಗಿಯ ಆಚೆ ಇದ್ದೆ. ಸುದ್ದಿ ಬಂದ ಕೂಡಲೇ ಗಾಡಿ ತಿರುಗಿಸಿದೆ. ಖಬರಸ್ಥಾನ ಮುಟ್ಟುವ ಹೊತ್ತಿಗೆ ಮಣ್ಣು ಕೊಡುತ್ತಿದ್ದರು. ಮೂರು ಹಿಡಿ ಮಣ್ಣು ಹಾಕಿದೆ. ಮುಖ ನೋಡಲಾಗಲಿಲ್ಲ.

ಚಾಚಾನ ಮನೆಯಾಕೆಯನ್ನು, ಚಾಚಿಯನ್ನು, ಮಾತಾಡಿಸಬೇಕು ಅಂತಿತ್ತು. ಗಂಡ ತೀರಿದ ಮೇಲೆ ಹೊರಗಿನ ಗಂಡಸರ ಮುಂದೆ ಬಾರದ ಅವರ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಕಳೆಯಲಿ ಅಂತ ಬಿಟ್ಟು, ಹೆಂಡತಿಯನ್ನು ಕರೆದುಕೊಂಡು ಹೋದೆ. ಆರು ವರ್ಷದಲ್ಲಿ ಆ ಮನೆಯ ಹೊಸ್ತಿಲು ತುಳಿದದ್ದು ಅದೇ ಮೊದಲು. ಪಡಸಾಲೆಯಲ್ಲಿ, ಗೋಡೆಗೆ ಎದುರಾಗಿ, ಕಂದು ತೊಗಲಿನ ಸೀಟೊಂದರಲ್ಲಿ ಚಾಚಿ ಕೂತಿದ್ದರು. ಸೀಟು ಮರದ ಮಣೆಗೆ ಬೋಲ್ಟು ಹಾಕಿತ್ತು, ಪಕ್ಕದಲ್ಲಿ ಟ್ರ್ಯಾಕ್ಟರ್ ಬ್ಯಾಟರಿ. ನಮ್ಮನ್ನು ಕಂಡು ಗುಂಡಿ ಒತ್ತಿದರು. ಸೀಟು ಗುಂಯ್ ಅಂತ ಅವರನ್ನು ಮೇಲಕ್ಕೆತ್ತಿತು. ಮೊಣಕಾಲು ಬಾತಿದ್ದವು, ಹಿಡಿಕೆ ಊರಿ ಎದ್ದು ನಿಂತರು.

ಹುಬ್ಬಳ್ಳಿಯ ಗುಜರಿಯಲ್ಲಿ ನಾನು ಬಿಟ್ಟು ಬಂದಿದ್ದ ಜೋಡಿ ಸೀಟು ಅದು.

"ಇದು ಎಲ್ಲೀದ್ರಿ ಚಾಚೀ?"

"ನಿಮ್ಮ ಸಲುವಾಗೇ ತಂದಿದ್ರಲ್ರಿ" ಅಂದರು, ನನಗೆ ಗೊತ್ತಿದೆ ಅಂತಲೇ ತಿಳಿದು. "ನೀವು ಸೀಟ ಬಿಟ್ ಹೋದ್ರಿ, ಮರುದಿನ ನಸುಕಿನ ಬಸ್ಸಿಗೆ ನೀವು ಹೇಳಿದ್ದ ಹುಬ್ಬಳ್ಳಿ ಗುಜರಿಗಿ ಹೋದ್ರು. ಇಂಥಾ ಸೀಟಿನ ಕೆಲಸ ಅವರು ಎಂದೂ ಮಾಡಿದ್ದಿಲ್ರಿ. ದಿನಾ ಸಂಜಿಮುಂದ ಇಲ್ಲೇ ಕುಂತು ಬಿಚ್ಚೂದು, ಜೋಡ್ಸೂದು. ಕಣ್ಣ ಮುಚ್ಚಿ ಕೈಯಾಡಸೂದು. ಕೆಟ್ರ ಏನಾಗತೈತಿ ನೋಡೂಣು ಅಂತ ತಾವ ಕುಂತು ಗ್ವಾಡಿಗೆ ಒತ್ತಿಸ್ಕೊಂಡ್ರು. ಎದಿ ಮ್ಯಾಲ ಕರ್ರಗ ಬಾಸುಂಡಿ! ಬಿಡ್ರಿ ಆ ಕೆಲಸ ಅಂತ ನಾ ಅತ್ತೆ. 'ಅವರ ಬೆನ್ನ ಒಮ್ಮಿ ಕೊಯ್ದಾರ, ಇನ್ನೊಮ್ಮಿ ನನ್ನ ಕೈಯಿಂದ ಏನರ ಆದ್ರ ನಾ ಅಲ್ಲಾಗ ಏನ್ ಹೇಳ್ಲಿ' ಅಂದ್ರು."

ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ನಾನು ಮೈಗಳ್ಳ ಅಂತ ನಾಲ್ಕು ತಾಲ್ಲೂಕಿಗೆ ಸಾರಿದ ಆ ಎಂಟು ದಿನದಲ್ಲಿ ಚಾಚಾ, ನನಗೆ ಬೀಳಬಹುದಾದ ಪೆಟ್ಟನ್ನು ತಮ್ಮ ಎದೆಗೆ ಹಾಕಿಕೊಂಡು ನೋಡಿದ್ದರು. ಅಷ್ಟು ಮಾಡಿಯೂ ಗಿಣಿಗೇರಿಯ ಆಚೆ, ಬೇವಿನ ಮರದ ಕೆಳಗೆ, ತಪ್ಪು ನನ್ನದು ಅಂದವರು ಅವರು. ಅಲ್ಲ ಚಾಚಾ, ನನ್ನದು, ಅಂತ ಒಂದು ಮಾತು ಹೇಳಲು ಆಮೇಲೆ ನನಗೆ ಆರು ವರ್ಷ ಇತ್ತು. ಹಾರ್ನ್ ಬಾರಿಸಿಕೊಂಡು ಹೋದೆ.